ಬಾಗಿಲಿಗೆ ಬೆನ್ನು ಹಾಕಿದ ಕುರ್ಚಿ

ನನ್ನ ಮೊಮ್ಮಗಳು ಭೂಮಿಕಾಗೆ ಕೆಲಸ ಸಿಕ್ಕಿದೆ. ಅದೂ ನಾನು ದುಡಿದು ರಿಟೈರ್ ಆದ ತುಮಕೂರಿನ ಅದೇ ಆಸ್ಪತ್ರೆಯಲ್ಲಿ, ಅದೇ ಎರಡನೇ ಮಹಡಿಯಲ್ಲಿ, ಅದೇ ಸ್ಕೋಪ್ ರೂಮಿನಲ್ಲಿ. ನಾನು ಅಲ್ಲಿ ಅಟೆಂಡರ್ ಆಗಿದ್ದೆ, ಆಕ್ಸಿಜನ್ ಸಿಲಿಂಡರ್ ಉರುಳಿಸೋನು. ಅವಳು ಓದಿ, ಪರೀಕ್ಷೆ ಪಾಸು ಮಾಡಿ, ಕೋಟು ಹಾಕಿಕೊಂಡು ಹೋಗಿರೋ ಅನಸ್ತೇಶಿಯಾ ಟೆಕ್ನಿಷಿಯನ್. ಇಷ್ಟು ಬರೆಯೋ ಹೊತ್ತಿಗೆ ಎರಡು ಸಲ ಕನ್ನಡಕ ತೆಗೆದು ಒರೆಸಿಕೊಂಡಿದೀನಿ.

ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಈ ಸುದ್ದಿ ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ಹಾಲಿನ ಬೂತಿನಲ್ಲಿ ಹೇಳಿದೆ. ಕಟಿಂಗ್ ಶಾಪಿನಲ್ಲಿ ಹೇಳಿದೆ. ಕರೆಂಟ್ ಮೀಟರ್ ನೋಡೋಕೆ ಬಂದವರನ್ನೂ ಗೇಟಿನಲ್ಲಿ ನಿಲ್ಲಿಸಿ ಹೇಳಿದೆ. ನನ್ನ ಹೆಂಡತಿ ಜಯಮ್ಮ ಒಳಗಿಂದಲೇ ಕೂಗಿದಳು.

“ಸಾಕು ಬುಡ್ರೀ, ಪಾಪ ಅವ್ರು ಇನ್ನೂ ಎಷ್ಟು ಮನೆ ಮೀಟರ್ ನೋಡ್ಬೇಕೋ!”

“ನೋಡ್ಲಿ ಬುಡೇ, ಒಳ್ಳೆ ಸುದ್ದಿ ಕೇಳ್ಕೊಂಡು ನೋಡ್ಲಿ” ಅಂದೆ.

ಕೆಲಸಕ್ಕೆ ಸೇರಿದ ಮೊದಲ ದಿನ ಸಾಯಂಕಾಲ ಭೂಮಿಕಾ ಸೀದಾ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡೋ ಮೊದಲೇ ಮಾತು ಶುರು. ನನ್ನ ಹೆಸರು ಹೇಳಿದ ಕೂಡಲೇ ಲಿಫ್ಟಿನವರು ಕೈ ಮುಗಿದರಂತೆ. “ಗಂಗಣ್ಣನ ಮೊಮ್ಮಗಳಾ” ಅಂತ ಕ್ಯಾಂಟೀನಿನವರು ಕಾಫಿ ಕೊಟ್ಟರಂತೆ. ನನ್ನ ಎದೆ ಅಂಗಿಯೊಳಗೆ ಹಿಡಿಸಲಿಲ್ಲ. ಆಮೇಲೆ ಅವಳು ಕೇಳಿದಳು.

“ತಾತ, ಸ್ಕೋಪ್ ರೂಮಿನ ಪಕ್ಕ ಸ್ಟೋರ್ ಇದೆಯಲ್ಲ, ಅದ್ರಲ್ಲಿ ಒಂದು ಕಬ್ಬಿಣದ ಕುರ್ಚಿ. ಬಾಗಿಲಿಗೆ ಬೆನ್ನು ಹಾಕಿ ಇಟ್ಟವ್ರೆ. ನಾನು ಈ ಕಡೆ ತಿರುಗಿಸ್ಕೊಂಡು ಕೂತೆ, ಸಿಸ್ಟರ್ ಬೈದುಬಿಟ್ರು. ಚೀಟಿ ತೆಗೆಯೋರು ಹಂಗೇ ಕೂರ್ಬೇಕಂತೆ. ಯಾಕೆ ಸಿಸ್ಟರ್ ಅಂದ್ರೆ, ನಾನು ಇಲ್ಲಿಗೆ ಬಂದಾಗಿಂದ ಹಂಗೇ ಇದೆ ಅಂದ್ರು. ನಿಮ್ಗೆ ಗೊತ್ತಾ?”

“ಇಲ್ಲ ಕಣವ್ವ, ನಂಗೊತ್ತಿಲ್ಲ” ಅಂದೆ.

ಜಯಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದಳು.

ನಾನು ಹೇಳಿದ್ದು ಸುಳ್ಳು. ಆ ಕುರ್ಚಿಯನ್ನ ಹಾಗೆ ತಿರುಗಿಸಿ ಇಡೋ ಹಾಗೆ ಮಾಡಿದವನು ನಾನೇ. ಮೊಮ್ಮಗಳು ಅಷ್ಟು ಹೆಮ್ಮೆಯಿಂದ ನನ್ನ ಮುಖ ನೋಡ್ತಾ ಇರೋವಾಗ ಬಾಯಿ ಬರಲಿಲ್ಲ. ಆದರೆ ಅವಳು ಮಾಡೋದು ಉಸಿರಿನ ಕೆಲಸ. ಅಲ್ಲಿ ಗೊತ್ತಿರೋದನ್ನ ಗೊತ್ತಿಲ್ಲ ಅನ್ನೋದು ದೊಡ್ಡ ತಪ್ಪು. ಅದಕ್ಕೇ ಈ ನೋಟ್‌ಬುಕ್ ಹಿಡಿದು ಕೂತಿದೀನಿ. ಕೊತ್ತಗೆರೆ ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕನೇ ಕ್ಲಾಸು, ಒತ್ತಕ್ಷರ ಅಲ್ಲಲ್ಲಿ ತಪ್ಪಿರುತ್ತೆ. ಈ ಕೆಲಸಕ್ಕೆ ಹೊಸದಾಗಿ ಬರೋರು ಯಾರಾದರೂ ಓದಿಕೊಳ್ಳಲಿ. ಮೊದಲು ಅವಳು ಓದಲಿ.

ಆ ರೂಮಿನಲ್ಲಿ ಏನು ಮಾಡ್ತಾರೆ ಅನ್ನೋದನ್ನ ಹೇಳಿಬಿಡ್ತೀನಿ. ಎದೆಯೊಳಗೆ ಶ್ವಾಸಕೋಶದಲ್ಲಿ ಏನಾಗಿದೆ ಅಂತ ನೋಡೋಕೆ ತೆಳ್ಳಗಿನ ಕರಿ ನಳಿಕೆ, ಅದರ ತುದಿಯಲ್ಲಿ ಲೈಟು, ಕ್ಯಾಮೆರಾ. ಮೂಗಿನಿಂದಲೋ ಬಾಯಿಂದಲೋ ಒಳಗೆ ಬಿಡ್ತಾರೆ. ಡಾಕ್ಟ್ರು ಬ್ರಾಂಕೋಸ್ಕೋಪಿ ಅಂತಾರೆ. ಕುಣಿಗಲ್, ಗುಬ್ಬಿ ಕಡೆಯಿಂದ ಬರೋರು “ಪೈಪು ಬಿಡೋದು” ಅಂತಾರೆ. ಉಸಿರಾಡೋ ದಾರಿಯಲ್ಲೇ ಪೈಪು ಹೋಗುತ್ತೆ, ಅದೇ ಕಷ್ಟ. ಮನೆಗಿರೋದು ಒಂದೇ ಬಾಗಿಲು, ಅದರಲ್ಲೇ ಮಂಚ ಸಾಗಿಸಬೇಕು, ಅದೇ ಹೊತ್ತಿಗೆ ಮನೆಯವರೂ ಓಡಾಡ್ತಾ ಇರಬೇಕು. ಹಾಗಿರುತ್ತೆ.

ನಾನು ಸೇರಿದಾಗ ರೋಗಿಗೆ ನಿದ್ದೆ ಬರೋ ಔಷಧಿ ಕೊಡ್ತಿರಲಿಲ್ಲ. ಗಂಟಲಿಗೆ ಮರಗಟ್ಟೋ ಔಷಧಿ ಸ್ಪ್ರೇ ಮಾಡಿ ಬಿಟ್ಟುಬಿಡೋರು. ಕೆಮ್ಮಿ ಕೆಮ್ಮಿ ಒದ್ದಾಡೋರನ್ನ ಹಿಡಿದುಕೊಳ್ಳೋದೇ ನನ್ನ ಕೆಲಸ. ಎಷ್ಟೋ ಜನ ನನ್ನ ಕೈ ಪರಚಿದಾರೆ. ಆಮೇಲೆ ಅರೆನಿದ್ದೆಗೆ ಸೂಜಿ ಕೊಡೋ ಪದ್ಧತಿ ಬಂತು. ರೋಗಿಗೆ ಸುಖ. ಆದರೆ ನಿದ್ದೆಯಲ್ಲಿ ಉಸಿರು ಇಳಿಯುತ್ತೆ, ನಾಲಿಗೆ ಹಿಂದಕ್ಕೆ ಬೀಳುತ್ತೆ. ಆಗ ಆಕ್ಸಿಜನ್ ಇಲ್ಲದೆ ಆ ಕೆಲಸ ನಡೆಯೋ ಹಾಗೇ ಇಲ್ಲ ಅಂತಾಯ್ತು. ಸಿಲಿಂಡರ್ ಉರುಳಿಸೋ ಗಂಗಣ್ಣ ಕೆಳಗಿನ ಗೋಡೌನಿನಿಂದ ಎರಡನೇ ಮಹಡಿಗೆ ಬಂದದ್ದು ಹಾಗೆ.

ಸಿಲಿಂಡರ್ ಅಂದರೆ ಈಗಿನವರಿಗೆ ಗೊತ್ತಿಲ್ಲ. ಗೋಡೆಯಲ್ಲೇ ಆಕ್ಸಿಜನ್ ಬರುತ್ತೆ. ಆಗ ಕರಿ ಮೈ, ಬಿಳಿ ಹೆಗಲಿನ ಸಿಲಿಂಡರು, ನನಗಿಂತ ಭಾರ. ಒಂದು ಕೈ ಅದರ ತಲೆ ಮೇಲೆ, ಇನ್ನೊಂದು ಕೈ ಹೊಟ್ಟೆ ಮೇಲೆ, ಒಂಚೂರು ವಾಲಿಸಿ ಅಂಚಿನ ಮೇಲೆ ತಿರುಗಿಸ್ತಾ ಹೋಗಬೇಕು. ಎಣ್ಣೆ ಕೈಯಲ್ಲಿ ಅದರ ಕೀ ಮುಟ್ಟಬಾರದು, ಬೆಂಕಿ ಹತ್ತೋ ಅಪಾಯ. ತಲೆಗೆ ಎಣ್ಣೆ ಹಚ್ಚಿಕೊಂಡು ಡ್ಯೂಟಿಗೆ ಬಂದ ಒಂದೇ ತಪ್ಪಿಗೆ ದೊಡ್ಡ ಡಾಕ್ಟ್ರು ನನ್ನನ್ನ ನಲ್ಲಿ ಹತ್ತಿರ ನಿಲ್ಲಿಸಿ, ಸೋಪು ಹಾಕಿ ಮೊಣಕೈವರೆಗೆ ತೊಳೆಯೋವರೆಗೂ ಅಲ್ಲೇ ಕಾದಿದ್ದರು.

ದೊಡ್ಡ ಡಾಕ್ಟ್ರು ಅಂದರೆ ನಮ್ಮ ವಿಭಾಗದ ಮುಖ್ಯಸ್ಥರು. ಕೋಪ ಮೂಗಿನ ತುದಿಯಲ್ಲಿ. ಆದರೆ ನಾನು ಏನಾದರೂ ಕಲಿತಿದ್ದರೆ ಅವರಿಂದ. ಒಂದು ದಿನ ಏನಾಯ್ತು ಅಂದರೆ, ರೋಗಿಯ ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಅದೇ ಕೈಯ ಬೆರಳಿಗೆ ಆಕ್ಸಿಜನ್ ಅಳೆಯೋ ಕ್ಲಿಪ್ಪು ಹಾಕಿಬಿಟ್ಟೆ. ಪಟ್ಟಿ ಹಿಂಡಿದಾಗೆಲ್ಲ ಬೆರಳಿಗೆ ರಕ್ತ ಹೋಗಲ್ಲ, ಮಾನಿಟರಿನಲ್ಲಿ ನಂಬರು ಬಿದ್ದುಹೋಗುತ್ತೆ. ಮಾನಿಟರು ಒಂದು ಸಲ ಕೂಗಿತು. “ಪಟ್ಟಿ ಹಿಂಡ್ತಾ ಐತೆ ಸಾರ್” ಅಂದೆ. ಎರಡನೇ ಸಲ ಕೂಗಿತು. “ಪಟ್ಟಿ ಸಾರ್” ಅಂದೆ. ಮೂರನೇ ಸಲ ಕೂಗಿದಾಗ ನಾನು ಆ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡ ಡಾಕ್ಟ್ರು ತಲೆ ಎತ್ತಿ ನೋಡಿದರು. ಪಟ್ಟಿ ಹಿಂಡ್ತಿರಲಿಲ್ಲ. ರೋಗಿಯ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಪೈಪು ಹೊರಗೆ ಎಳೆದರು, ದವಡೆ ಎತ್ತಿ ಹಿಡಿದರು, ಆಕ್ಸಿಜನ್ ಜೋರು ಮಾಡಿದರು. ಬಣ್ಣ ವಾಪಸ್ ಬಂತು. ಆ ಮನುಷ್ಯ ಮಾರನೇ ದಿನ ನಡೆದುಕೊಂಡು ಮನೆಗೆ ಹೋದ.

“ಲೋ ಗಂಗಣ್ಣ” ಅಂದರು ದೊಡ್ಡ ಡಾಕ್ಟ್ರು, “ಮೆಷಿನ್ ಆಮೇಲೆ ನೋಡಯ್ಯ. ಮೊದಲು ಮುಖ ನೋಡು. ಮುಖ ಸುಳ್ಳು ಹೇಳಲ್ಲ.”

ಅವತ್ತಿಂದ ಕ್ಲಿಪ್ಪು ಒಂದು ಕೈಗೆ, ಪಟ್ಟಿ ಇನ್ನೊಂದು ಕೈಗೆ. ಅವತ್ತಿಂದ ನಾನು ಮುಖ ನೋಡೋನಾದೆ. ರೋಗಿ ಬಾಗಿಲಲ್ಲಿ ಬರ್ತಿದ್ದ ಹಾಗೆ ಕತ್ತಿನ ನರ, ಕೆನ್ನೆಯ ಗುಳಿ, ಉಗುರಿನ ಬಣ್ಣ ನೋಡಿ ಯಾರಿಗೆ ಉಸಿರು ಇಳಿಯುತ್ತೆ, ಯಾರಿಗೆ ಇಳಿಯಲ್ಲ ಅಂತ ಮನಸ್ಸಿನಲ್ಲೇ ಹೇಳಿಕೊಳ್ತಿದ್ದೆ. ಎಷ್ಟೋ ಸಲ ಹಾಗೇ ಆಗ್ತಿತ್ತು. ಅದರಿಂದ ನನಗೆ ಒಂದು ಜಂಬವೂ ಬಂತು. ಮುಂದೆ ನಾನು ಬಿದ್ದದ್ದು ಅಲ್ಲೇ.

ಆಕ್ಸಿಜನ್ ಕೊಡೋ ರೀತಿ ಒಂದೊಂದಾಗಿ ಬದಲಾಯ್ತು. ಮೊದಲು ಮೂಗಿನ ನಳಿಗೆ. ಎರಡು ಸಣ್ಣ ಕೊಂಬು, ಮೂಗಿನ ಎರಡು ಹೊಳ್ಳೆಗೆ. ಪೈಪನ್ನೂ ಮೂಗಿನಿಂದಲೇ ಬಿಟ್ಟರೆ ಒಂದು ಕೊಂಬು ಪಕ್ಕಕ್ಕೆ ಸರಿಯುತ್ತೆ, ಆಕ್ಸಿಜನ್ ಕೆನ್ನೆಗೆ ಹೋಗುತ್ತೆ. ಅದನ್ನ ಹಿಡಿದು ಬಾಯಿ ಹತ್ತಿರ ಇಟ್ಟುಕೊಂಡು ನಿಲ್ಲೋದು ನನ್ನ ಕೆಲಸ. ಆಮೇಲೆ ಮಾಸ್ಕು. ಅದಕ್ಕೆ ಸಿಸ್ಟರ್ ಕತ್ತರಿಯಲ್ಲಿ ತೂತು ಮಾಡೋರು, ಪೈಪು ಹೋಗೋಕೆ. ಗಡ್ಡದವರಿಗೆ ಮಾಸ್ಕು ಸರಿಯಾಗಿ ಕೂರ್ತಿರಲಿಲ್ಲ. ದೊಡ್ಡ ಮೂಗುಬೊಟ್ಟಿನ ಅಜ್ಜಿಯರು ಅದನ್ನ ತೆಗೆಯೋಕೆ ಒಪ್ತಿರಲಿಲ್ಲ. “ಪ್ರಾಣ ಬೇಕಾದ್ರೆ ತೆಗೀರಪ್ಪ, ಇದನ್ನ ಮುಟ್ಬೇಡಿ” ಅನ್ನೋರು.

ನಮ್ಮ ಜನಕ್ಕೆ ಇನ್ನೊಂದು ಭಯ. ಮೂಗಿಗೆ ಆಕ್ಸಿಜನ್ ಹಾಕಿದರು ಅಂದರೆ ಮುಗೀತು ಅಂತಲೇ ಅರ್ಥ. ಗುಬ್ಬಿಯ ಒಬ್ಬ ಟೈಲರ್‌ಗೆ ಪೈಪು ಬಿಡ್ತಾ ಇದ್ದೆವು. ಅವನ ಭಾವಮೈದ ಬಾಗಿಲ ಗಾಜಿನಲ್ಲಿ ಇಣುಕಿ, ಮೂಗಿನ ನಳಿಗೆ ಕಂಡು, ಊರಿಗೆ ಫೋನ್ ಮಾಡಿಬಿಟ್ಟ. “ಆಕ್ಸಿಜನ್ ಹಾಕವ್ರೆ.” ಅಷ್ಟೇ ಅಂದದ್ದು. ಟೈಲರ್ ಎಚ್ಚರ ಆಗೋ ಹೊತ್ತಿಗೆ ಎರಡು ಗಾಡಿ ತುಂಬ ಜನ ಬಂದು ವರಾಂಡದಲ್ಲಿ ಗೋಳೋ ಅಂತ ಅಳ್ತಾ ಕೂತಿದ್ದರು. ಅವನು ಅರೆಗಣ್ಣು ಬಿಟ್ಟು ನನ್ನನ್ನ ಕೇಳಿದ.

“ಅಣ್ಣ, ಯಾರು ಹೋದ್ರು?”

“ನೀನೇ ಕಣಪ್ಪ. ಎದ್ದು ಹೋಗಿ ಅವ್ರಿಗೆ ಮುಖ ತೋರ್ಸು.”

ಅದಾದ ಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಜೇಬಿನಲ್ಲಿ ನನ್ನದೇ ಒಂದು ನಳಿಗೆ ಇಟ್ಟುಕೊಳ್ತಿದ್ದೆ. ಮನೆಯವರನ್ನ ಮೊದಲೇ ಕರೆದು, ನನ್ನ ಮೂಗಿಗೆ ಹಾಕಿಕೊಂಡು ತೋರಿಸ್ತಿದ್ದೆ. “ನೋಡಿ, ನಾನೇನಾದ್ರೂ ಸಾಯ್ತಾ ಇದೀನಾ?” ಅನ್ನೋನು. ನಗ್ತಿದ್ದರು. ನಕ್ಕವರ ಮನೆಯ ರೋಗಿಯೂ ಹೆದರ್ತಿರಲಿಲ್ಲ. ಭೂಮಿಕಾ, ಇದನ್ನ ನೀನೂ ಮಾಡು. ಯಾವ ಓದಿನಲ್ಲೂ ಹೇಳಿಕೊಡಲ್ಲ.

ಕೊರೊನಾ ಕಾಲದಲ್ಲಿ ಹೊಸ ಯಂತ್ರ ಬಂತು. ಆಕ್ಸಿಜನ್ನನ್ನ ಬೆಚ್ಚಗೆ ಮಾಡಿ, ತೇವ ಸೇರಿಸಿ, ದಪ್ಪ ನಳಿಗೆಯಲ್ಲಿ ಮೂಗಿಗೆ ಜೋರಾಗಿ ತಳ್ಳುತ್ತೆ. ಆ ಕಾಯಿಲೆ ಇಳಿದ ಮೇಲೆ ಒಂದು ಯಂತ್ರ ನಮ್ಮ ವಿಭಾಗದಲ್ಲೇ ಉಳಿಯಿತು. ಆಗ ಡಾಕ್ಟರ್ ಸುಮತಿ ಅಂತ ಚಿಕ್ಕ ವಯಸ್ಸಿನ ಡಾಕ್ಟ್ರು ನಮ್ಮಲ್ಲಿದ್ದರು. ಮೆಲು ಮಾತು, ಗಟ್ಟಿ ಮನಸ್ಸು. ಅವರಿಗೆ ಒಂದು ಯೋಚನೆ ಬಂತು. ಪೈಪು ಬಿಡೋವಾಗ ಹಳೇ ಮೂಗಿನ ನಳಿಗೆ ಒಳ್ಳೇದೋ, ಈ ಯಂತ್ರ ಒಳ್ಳೇದೋ, ಹೋಲಿಸಿ ನೋಡೋಣ ಅಂತ. ಯಂತ್ರ ಬೇಕು ಅಂತ ಐಸಿಯುನವರೂ ಕೇಳ್ತಾ ಇದ್ದರು. ದೊಡ್ಡ ಡಾಕ್ಟ್ರು ಹೇಳಿದರು, “ಹೋಲಿಸಿ ನೋಡಮ್ಮ. ಇಲ್ಲಿ ಉಪಯೋಗ ಇದೆ ಅಂತಾದ್ರೆ ಇಲ್ಲೇ ಇರ್ಲಿ. ಇಲ್ಲ ಅಂದ್ರೆ ಅವ್ರಿಗೆ ಕೊಟ್ಟುಬಿಡೋಣ.”

ಎಲ್ಲರಿಗೂ ಪೈಪು ಬಾಯಿಂದಲೇ. ಮೂಗಿಗೆ ನಳಿಗೆಯೋ ಯಂತ್ರವೋ ಅನ್ನೋದನ್ನ ಚೀಟಿ ತೀರ್ಮಾನ ಮಾಡಬೇಕು. ಡಾಕ್ಟ್ರು ಆರಿಸಬಾರದು, ರೋಗಿ ಆರಿಸಬಾರದು. ಅದಕ್ಕೆ ಒಂದು ಕಟ್ಟು ಲಕೋಟೆ, ಮೇಲೆ ನಂಬರು. ಒಳಗಿನ ಚೀಟಿಯಲ್ಲಿ “ಮೂಗು” ಅಥವಾ “ಯಂತ್ರ” ಅಂತ ಒಂದೇ ಪದ. ನನಗೆ ಓದೋಕೆ ಸುಲಭ ಆಗಲಿ ಅಂತ ಡಾಕ್ಟರ್ ಸುಮತಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದಿದ್ದರು. ರೋಗಿ ಬಂದ ಹಾಗೆ ನಂಬರಿನ ಪ್ರಕಾರ ಒಂದೊಂದೇ ಒಡೆದು ಕೂಗಬೇಕು. ಯಾರಿಗೇ ಆಗಲಿ ಆಕ್ಸಿಜನ್ ತೀರ ಇಳಿದರೆ ಚೀಟಿ ಗೀಟಿ ನೋಡಲ್ಲ, ಏನು ಬೇಕೋ ಅದನ್ನ ತಕ್ಷಣ ಕೊಡ್ತಾರೆ. ಇದನ್ನೆಲ್ಲ ರೋಗಿಗೆ ಬಿಡಿಸಿ ಹೇಳಿ, ಒಪ್ಪಿದವರಿಂದ ಮಾತ್ರ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ತಿದ್ದರು.

“ಈ ಕೆಲಸ ನಿಮ್ಗೇ ಯಾಕೆ ಕೊಡ್ತಿದೀನಿ ಗೊತ್ತಾ ಗಂಗಣ್ಣ?” ಅಂದರು. “ನಿಮ್ಮನ್ನ ನಂಬಬಹುದು ಅಂತ.”

ಸ್ಕೋಪ್ ರೂಮಿನ ಗೋಡೆಯಲ್ಲಿ ಎಕ್ಸ್‌ರೇ ನೋಡೋ ಲೈಟಿನ ಪೆಟ್ಟಿಗೆ ಇತ್ತು. ಒಂದು ದಿನ ಕೈಯಲ್ಲಿದ್ದ ಲಕೋಟೆಯನ್ನ ಅದರ ಅಂಚಿಗೆ ಒರಗಿಸಿ, ಒಂದು ಎಕ್ಸ್‌ರೇ ಸಿಕ್ಕಿಸೋಕೆ ಹೋದೆ. ಲೈಟು ಹತ್ತಿತು. ಲಕೋಟೆಯೊಳಗಿನ ಅಕ್ಷರ ಸ್ವಚ್ಛವಾಗಿ ಕಾಣಿಸ್ತು. “ಮೂಗು.”

ಮಂಚದ ಮೇಲೆ ಹುತ್ರಿದುರ್ಗದ ಕಡೆಯ ಒಬ್ಬ ಹೆಂಗಸು ಕೂತಿದ್ದರು. ಕತ್ತಿನ ಮೂಳೆ ಎದ್ದು ಕಾಣ್ತಿತ್ತು. ಒಂದೊಂದು ಮಾತಿಗೂ ನಿಂತು ಉಸಿರು ತಗೊಳ್ತಿದ್ದರು. “ನನ್ ಮಗಳ ಬಾಣಂತನ ಇನ್ನೂ ಮುಗ್ದಿಲ್ಲ ಕಣಣ್ಣ, ನಂಗೇನೂ ಆಗಲ್ಲ ಅಲ್ವಾ?” ಅಂತ ನನ್ನ ಕೈ ಹಿಡಿದುಕೊಂಡರು. ನಾನು ಮುಖ ನೋಡಿದೆ. ಇವರಿಗೆ ಬರೀ ನಳಿಗೆ ಸಾಲದು ಅಂತ ಮನಸ್ಸು ಹೇಳ್ತು. ಕಟ್ಟಿನಲ್ಲಿ ಅದರ ಕೆಳಗಿದ್ದ ಲಕೋಟೆಯನ್ನ ಲೈಟಿಗೆ ಹಿಡಿದೆ. “ಯಂತ್ರ” ಅಂತಿತ್ತು. ಅದನ್ನ ಒಡೆದು ಕೂಗಿದೆ. ಮೇಲಿನದನ್ನ ಮುಂದಿನವರಿಗೆ ಇಟ್ಟೆ. ಮುಂದೆ ಬಂದದ್ದು ಗಟ್ಟಿಮುಟ್ಟಾದ ಲಾರಿ ಡ್ರೈವರು, ಅವನಿಗೆ ನಳಿಗೆಯೇ ಸಾಕಾಗಿತ್ತು. ನಂಬರನ್ನೂ ಹಿಂದುಮುಂದು ಮಾಡಿ ಬರೆದುಬಿಟ್ಟೆ. ಆ ಹೆಂಗಸು ಚೆನ್ನಾಗೇ ಹೊರಗೆ ಬಂದರು. ಪುಣ್ಯದ ಕೆಲಸ ಮಾಡಿದೆ ಅಂತ ನನಗೆ ಅವತ್ತು ಎರಡು ತುತ್ತು ಜಾಸ್ತಿ ಸೇರ್ತು.

ಒಂದು ಸಲ ಮಾಡಿದವನು ನಿಲ್ಲಿಸಲಿಲ್ಲ. ಸೊರಗಿದವರು ಬಂದಾಗೆಲ್ಲ ಲೈಟಿಗೆ ಹಿಡಿದೆ. ಸೊರಗಿದವರಿಗೆ ಯಂತ್ರ, ಗಟ್ಟಿ ಇದ್ದವರಿಗೆ ನಳಿಗೆ. ಯಾರಿಗೂ ಗೊತ್ತಾಗಲಿಲ್ಲ. ನಾನು ಮಾಡ್ತಿರೋದು ತಪ್ಪು ಅಂತ ನನಗೂ ಅನ್ನಿಸಲಿಲ್ಲ. ದೇವರು ಬರೆದದ್ದನ್ನ ಒಂಚೂರು ತಿದ್ದೋ ಪೆನ್ನು ನನ್ನ ಕೈಗೆ ಸಿಕ್ಕಿದ ಹಾಗಿತ್ತು.

ಅರ್ಧ ಮುಗಿದಾಗ ಡಾಕ್ಟರ್ ಸುಮತಿ ಎಲ್ಲ ಕಾಗದ ಕೂಡಿಸಿ ನೋಡಿದರು. ನಾನು ರೂಮಿನಲ್ಲೇ ಪೈಪು ತೊಳೀತಾ ಇದ್ದೆ. ಅವರು ದೊಡ್ಡ ಡಾಕ್ಟ್ರಿಗೆ ಹೇಳಿದ್ದು ಕಿವಿಗೆ ಬಿತ್ತು.

“ಸರ್, ಏನೂ ವ್ಯತ್ಯಾಸ ಇಲ್ಲ. ನಳಿಗೆಯವ್ರಿಗೆ ಆಕ್ಸಿಜನ್ ಎಷ್ಟು ಸಲ ಇಳಿದಿದೆಯೋ ಯಂತ್ರದವ್ರಿಗೂ ಹೆಚ್ಚುಕಮ್ಮಿ ಅಷ್ಟೇ ಸಲ ಇಳಿದಿದೆ.”

“ಹಂಗಾದ್ರೆ ಮುಗೀತಲ್ಲಮ್ಮ. ಸೋಮವಾರ ಯಂತ್ರ ಐಸಿಯುಗೆ ಕಳಿಸಿಬಿಡಿ.”

ನನ್ನ ಕೈ ಅಲ್ಲೇ ನಿಂತುಹೋಯ್ತು. ಯಂತ್ರ ಹಾಕಿದವರಿಗೆ ಆಕ್ಸಿಜನ್ ನಿಲ್ಲೋದನ್ನ ನಾನು ಕಣ್ಣಾರೆ ನೋಡಿದ್ದೆ. ಮತ್ತೆ ಅಷ್ಟೇ ಅಂತ ಯಾಕೆ ಬಂತು? ಪೈಪಿನ ಮೇಲೆ ನೀರು ಸುರೀತಾನೇ ಇತ್ತು, ತಲೆಗೆ ಹೊಳೀತು. ಕೈಲಾಗದವರನ್ನೆಲ್ಲ ಒಂದು ಕಡೆ ಸೇರಿಸಿದವನು ನಾನು, ಗಟ್ಟಿಗರನ್ನೆಲ್ಲ ಇನ್ನೊಂದು ಕಡೆ. ಭಾರ ಎಲ್ಲ ಒಂದೇ ಎತ್ತಿನ ಮೇಲೆ ಹೇರಿ, ಖಾಲಿ ಗಾಡಿ ಎಳೆದ ಎತ್ತಿನ ಜೊತೆ ಓಟಕ್ಕೆ ಬಿಟ್ಟ ಹಾಗೆ. ಸೋಮವಾರ ಯಂತ್ರ ಹೋದರೆ ಮುಂದೆ ಬರೋ ಸೊರಗಿದವರಿಗೆಲ್ಲ ಬರೀ ನಳಿಗೆಯೇ ಗತಿ. ಕರುಣೆ ಅಂತ ಮಾಡಿದ್ದು ಅವರ ಉಸಿರಿಗೇ ಕುತ್ತು ತಂದಿತ್ತು.

ಮನೆಗೆ ಬಂದು ಜಯಮ್ಮನಿಗೆ ಹೇಳಿದೆ. ಅವರೆಕಾಯಿ ಸುಲೀತಾ ಕೂತಿದ್ದಳು. ಪೂರ್ತಿ ಕೇಳಿದಳು.

“ಯಾರ್ಗೂ ಗೊತ್ತಿಲ್ವಾ?”

“ಇಲ್ಲ.”

“ನಿಮ್ಗೆ ಗೊತ್ತಲ್ಲ. ಹೋಗಿ ಹೇಳಿ.”

“ಕೆಲ್ಸ ಹೋದ್ರೆ?”

“ಹೋದ್ರೆ ಹೋಗ್ಲಿ ಬುಡಿ. ಉಸಿರಿಗಿಂತ ದೊಡ್ಡದಾ?”

ಮಾರನೇ ದಿನ ಬೆಳಗ್ಗೆ ಡಾಕ್ಟರ್ ಸುಮತಿ ಬರೋ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಹೇಳಿದೆ. ಲೈಟಿನ ಪೆಟ್ಟಿಗೆ ಹತ್ತಿರ ಕರೆದುಕೊಂಡು ಹೋಗಿ ಒಂದು ಲಕೋಟೆ ಹಿಡಿದು ತೋರಿಸಿದೆ. ಅವರ ಮುಖ ಬಿಳುಚಿಕೊಂಡಿತು.

“ಎಷ್ಟು ಜನಕ್ಕೆ ಹೀಗೆ ಮಾಡಿದ್ರಿ?”

“ನೆನಪಿಲ್ಲ ಮೇಡಂ.”

ಬಯ್ಯಲಿಲ್ಲ. ಬೈದಿದ್ದರೆ ಹಗುರ ಆಗ್ತಿತ್ತು. ಬೀರು ತೆಗೆದು ಒಪ್ಪಿಗೆ ಕಾಗದಗಳ ಕಟ್ಟನ್ನ ನನ್ನ ಮುಂದೆ ಇಟ್ಟರು.

“ಓದಿ ಗಂಗಣ್ಣ.”

ಓದಿದೆ. ಹುತ್ರಿದುರ್ಗ. ಗುಬ್ಬಿ. ಕುಣಿಗಲ್. ಕೆಳಗೆ ಸೊಟ್ಟ ಸಹಿ, ನೀಲಿ ಹೆಬ್ಬೆಟ್ಟು. ನಮ್ಮ ಕೊತ್ತಗೆರೆಯವರದ್ದೂ ಒಂದಿತ್ತು.

“ಇವ್ರು ತಮ್ಮ ಕಾಯಿಲೆ ತೋರಿಸ್ಕೊಳ್ಳೋಕೆ ಬಂದವ್ರು. ನಿಮ್ಮಿಂದ ಮುಂದೆ ಬರೋರಿಗೆ ಉಪಕಾರ ಆಗುತ್ತೆ, ಒಪ್ತೀರಾ ಅಂತ ನಾವು ಕೇಳಿದ್ವಿ. ಅಷ್ಟು ಕಷ್ಟದಲ್ಲೂ ಒಪ್ಪಿದ್ರು. ಈಗ ಈ ಒಂದೊಂದು ಕಾಗದವೂ ದಂಡ. ಒಬ್ಬರಿಗೆ ಒಳ್ಳೇದು ಮಾಡ್ದೆ ಅಂದ್ಕೊಂಡ್ರಿ. ಮುಂದಿನ ರೋಗಿಗಳು ಇನ್ನೂ ಬಾಗಿಲಿಗೇ ಬಂದಿಲ್ವಲ್ಲ, ಅವ್ರ ಮುಖ ನೋಡಿದ್ರಾ ನೀವು?”

ನಾನು ಆ ಕಾಗದಗಳ ಮೇಲೆ ಕೈ ಇಟ್ಟುಕೊಂಡು ಅತ್ತುಬಿಟ್ಟೆ.

ವಿಷಯ ದೊಡ್ಡ ಡಾಕ್ಟ್ರ ಹತ್ತಿರ ಹೋಯ್ತು. ಮೆಮೊ ಕೊಟ್ಟರು. ಆಮೇಲೆ ಹೇಳಿದರು. “ಮುಖ ನೋಡು ಅಂತ ನಿನಗೆ ಕಲಿಸಿದೋನು ನಾನೇ ಅಲ್ವೇನಯ್ಯ. ಮಂಚದ ಹತ್ತಿರ ನಿಂತಾಗ ಮುಖಾನೇ ನೋಡ್ಬೇಕು. ಚೀಟಿ ಕೈಯಲ್ಲಿದ್ದಾಗ ಮಾತ್ರ ನೋಡ್ಬಾರ್ದು. ಎರಡೂ ಒಬ್ಬನೇ ಮಾಡೋದು ಕಷ್ಟ. ಅದನ್ನ ನಾವು ಯೋಚಿಸ್ಬೇಕಿತ್ತು.” ಯಂತ್ರ ಐಸಿಯುಗೆ ಕಳಿಸೋದನ್ನ ನಿಲ್ಲಿಸಿದರು.

ಡಾಕ್ಟರ್ ಸುಮತಿ ಮೊದಲಿಂದ ಶುರು ಮಾಡಿದರು. ಹಳೇ ಕಾಗದ ಒಂದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ, ಯಾಕೆ ಹಿಡಿಯಲಿಲ್ಲ ಅನ್ನೋದನ್ನೂ ಮುಚ್ಚಿಡದೆ ಬರೆದಿಟ್ಟರು. ಲಕೋಟೆಯೊಳಗೆ ಚೀಟಿಯ ಸುತ್ತ ಕರಿ ಕಾಗದ ಮಡಚಿಟ್ಟರು, ಯಾವ ಲೈಟಿಗೂ ಕಾಣದ ಹಾಗೆ. ಚೀಟಿ ತೆಗೆಯೋರು ಪಕ್ಕದ ಸ್ಟೋರಿನಲ್ಲಿ, ಬಾಗಿಲಿಗೆ ಬೆನ್ನು ಹಾಕಿ ಕೂರಬೇಕು. ಸ್ಕೋಪ್ ರೂಮಿನಿಂದ “ಮುಂದಿನದು” ಅಂದಾಗ ಒಡೆದು ಕೂಗಬೇಕು, ಅಷ್ಟೇ. ಬೇರೆ ಯಾರಿಗೋ ಕೊಡ್ತಾರೆ ಅಂದುಕೊಂಡಿದ್ದೆ.

“ನೀವೇ ಕೂತ್ಕೊಳ್ಳಿ” ಅಂದರು.

“ನಾನಾ ಮೇಡಂ?”

“ಬಂದು ಹೇಳಿದೋರು ನೀವಲ್ವಾ?”

ಕಬ್ಬಿಣದ ಕುರ್ಚಿಯನ್ನ ನಾನೇ ಎತ್ತಿಕೊಂಡು ಹೋಗಿ ಹಾಕಿದೆ. ಎದುರಿಗೆ ಬಿಳಿ ಗೋಡೆ, ಹಿಂದೆ ಬಾಗಿಲು. ರೋಗಿಗಳು ಬರೀ ಚಪ್ಪಲಿ ಸದ್ದಾದರು, ಕೆಮ್ಮಾದರು. ಮೊದಮೊದಲು ಕತ್ತು ತಾನಾಗೇ ತಿರುಗೋದು. ಕುರ್ಚಿಯ ಅಂಚು ಹಿಡಿದು ತಡೆದುಕೊಳ್ತಿದ್ದೆ.

ಇನ್ನು ಬರೆಯೋದು ನಮ್ಮ ಮನೆಯದ್ದೇ, ಅದೂ ಭೂಮಿಕಾಗೆ ಗೊತ್ತಿಲ್ಲ. ಅವಳ ಅಜ್ಜಿ ಜಯಮ್ಮನಿಗೆ ಎರಡು ತಿಂಗಳು ಕೆಮ್ಮು ನಿಲ್ಲಲಿಲ್ಲ. ಎಕ್ಸ್‌ರೇಯಲ್ಲಿ ಒಂದು ನೆರಳು. ಏನು ಅಂತ ತಿಳಿಯೋಕೆ ಪೈಪು ಬಿಡಲೇಬೇಕು ಅಂತಾಯ್ತು. ಹೋಲಿಕೆಗೆ ಸೇರೋದು ಬೇಡ ಕಣೇ ಅಂದೆ ನಾನು.

“ಯಾಕೆ? ಬೇರೆ ಹೆಂಗಸ್ರು ಸೇರಿಲ್ವಾ? ಅವ್ರಿಗೊಂದು ನಂಗೊಂದಾ?” ಅಂತ ಸಹಿ ಹಾಕಿದಳು.

ನಾನು ವಿಷಯ ಡಾಕ್ಟರ್ ಸುಮತಿಗೆ ತಿಳಿಸಿದೆ. ಅವರು, “ನೀವು ಬೇಕಾದ್ರೆ ಇವತ್ತು ರಜ ತಗೊಳ್ಳಿ, ಸಿಸ್ಟರ್ ತೆಗೀತಾರೆ. ಕರಿ ಕಾಗದದ ಒಳಗೆ ಯಾರಿಗೂ ಏನೂ ಕಾಣಲ್ಲ, ಯಾರು ತೆಗೆದ್ರೂ ಒಂದೇ” ಅಂದರು. ಮನೆಯಲ್ಲಿ ಕೂರೋಕೆ ಆಗಲಿಲ್ಲ. ಕುರ್ಚಿಯಲ್ಲೇ ಕೂತೆ. ಅವತ್ತು ಮೂವರಿದ್ದರು, ಯಾರು ಮೊದಲು ಅಂತ ನನಗೆ ಹೇಳಿರಲಿಲ್ಲ. ಮೊದಲನೆಯವರದ್ದು ಮುಗೀತು. ಆಮೇಲೆ ಬೆನ್ನ ಹಿಂದೆ ಕೆಮ್ಮು. ಎರಡು ತಿಂಗಳು ಪಕ್ಕದಲ್ಲೇ ಮಲಗಿ ಕೇಳಿದ ಕೆಮ್ಮು.

“ಮುಂದಿನದು” ಅಂದರು.

ಲಕೋಟೆ ಒಡೆದೆ. ಕರಿ ಕಾಗದ ಬಿಡಿಸಿದೆ. “ಮೂಗು.”

ಇನ್ನೊಂದು ಪದ ನಾಲಿಗೆಯ ತುದಿಗೆ ಬಂದಿತ್ತು. ಒಂದು ಸಲ ಕೂಗಿಬಿಟ್ಟರೆ ಯಾರೂ ಬಂದು ನೋಡ್ತಿರಲಿಲ್ಲ. ಎದುರಿನ ಬಿಳಿ ಗೋಡೆ ನೋಡಿದೆ. ಅದರಲ್ಲಿ ಆ ನೀಲಿ ಹೆಬ್ಬೆಟ್ಟುಗಳೇ ಕಂಡ ಹಾಗಾಯ್ತು.

“ಮೂಗು” ಅಂತ ಕೂಗಿದೆ.

ಮಾನಿಟರಿನ ಟಿಕ್ ಟಿಕ್ ಸದ್ದು ಕೇಳಿದೀರಲ್ಲ. ಆಕ್ಸಿಜನ್ ಇಳಿದ ಹಾಗೆ ಆ ಸದ್ದೂ ತಗ್ಗಿನ ಸ್ವರಕ್ಕೆ ಇಳಿಯುತ್ತೆ. ನೋಡಬೇಕಾಗಿಲ್ಲ, ಕಿವಿಗೇ ತಿಳಿಯುತ್ತೆ. ಬೆನ್ನು ಹಾಕಿ ಕೂತವನಿಗೆ ಅದು ಇಳೀತಾ ಹೋಗೋದು ಕೇಳಿಸ್ತು. ಒಂದು ಮೆಟ್ಟಿಲು. ಇನ್ನೊಂದು ಮೆಟ್ಟಿಲು. ಮತ್ತೂ ಒಂದು. “ತಡೀರಿ, ಪೈಪು ಹಿಂದಕ್ಕೆ ತಗೊಳ್ತೀನಿ. ದವಡೆ ಎತ್ತಿ” ಅಂದರು ಡಾಕ್ಟರ್ ಸುಮತಿ. ಆ ದವಡೆ ಎತ್ತೋ ಕೈ ಎಷ್ಟೋ ವರ್ಷ ನನ್ನದೇ ಆಗಿತ್ತು. ಅವತ್ತು ಅದು ಕುರ್ಚಿಯ ಅಂಚು ಹಿಡಿದಿತ್ತು. ಆಕ್ಸಿಜನ್ ಜೋರು ಮಾಡಿದ ಬುಸ್ ಅನ್ನೋ ಸದ್ದು. ಆಮೇಲೆ ಟಿಕ್ ಟಿಕ್ ಒಂದೊಂದೇ ಮೆಟ್ಟಿಲು ಮೇಲಕ್ಕೆ ಬಂತು. ಪೂರ್ತಿ ಮೇಲೆ ಬರೋವರೆಗೆ ನಾನೂ ಉಸಿರು ಹಿಡಿದುಕೊಂಡಿದ್ದೆ ಅಂತ ಆಮೇಲೆ ಗೊತ್ತಾಯ್ತು. ತಿರುಗಿ ನೋಡಲಿಲ್ಲ.

ಅದು ಕ್ಷಯ. ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಯ್ತು. ಈಗಲೂ ಏನಾದರೂ ಜಗಳ ಬಂದರೆ ಜಯಮ್ಮ ಅನ್ನೋದು ಒಂದೇ ಮಾತು. “ಊರೋರಿಗೆಲ್ಲ ಯಂತ್ರ, ಕಟ್ಕೊಂಡೋಳಿಗೆ ಮಾತ್ರ ನಳಿಗೆ!”

ಹೋಲಿಕೆ ಮುಗಿದಾಗ ನಿಜ ಹೊರಗೆ ಬಂತು. ಯಂತ್ರ ಹಾಕಿದವರಿಗೆ ಆಕ್ಸಿಜನ್ ಇಳಿದದ್ದು ಕಮ್ಮಿ, ಪೈಪು ಮಧ್ಯದಲ್ಲಿ ಎಳೆಯಬೇಕಾಗಿ ಬಂದದ್ದೂ ಕಮ್ಮಿ. ಗಟ್ಟಿ ಇದ್ದವರಿಗೆ ನಳಿಗೆಯೇ ಸಾಕು, ಸೊರಗಿದವರಿಗೆ ಯಂತ್ರ ಬೇಕು ಅಂತ ಡಾಕ್ಟರ್ ಸುಮತಿ ಹೇಳಿದರು. ನನ್ನ ಮನಸ್ಸು ಮೊದಲೇ ಹೇಳಿದ್ದೂ ಅದನ್ನೇ. ಆದರೆ ಮನಸ್ಸಿನ ಮಾತು ನನ್ನೊಬ್ಬನ ಜೊತೆ ರಿಟೈರ್ ಆಗ್ತಿತ್ತು. ಚೀಟಿ ಹೇಳಿದ್ದು ಆ ರೂಮಿನಲ್ಲಿ ಉಳಿಯಿತು, ಯಂತ್ರವೂ ಉಳಿಯಿತು. ದೊಡ್ಡ ಡಾಕ್ಟ್ರು ಈಗಿಲ್ಲ. ಡಾಕ್ಟರ್ ಸುಮತಿ ಬೇರೆ ಊರಿಗೆ ಹೋದರು. ಬೇರೆ ಬೇರೆ ಹೋಲಿಕೆಗೆ ಅಲ್ಲಿ ಈಗಲೂ ಚೀಟಿ ತೆಗೀತಾರೆ, ಕುರ್ಚಿ ಹಾಗೇ ಇದೆ ಅಂತ ನನಗೆ ಗೊತ್ತಾದದ್ದು ಭೂಮಿಕಾ ಹೇಳಿದ ಮೇಲೆ.

ಇಲ್ಲಿವರೆಗೆ ಬರೆದು ನೋಟ್‌ಬುಕ್ಕನ್ನ ಭಾನುವಾರ ಅವಳ ಕೈಗೆ ಕೊಟ್ಟೆ. ಜಗುಲಿಯಲ್ಲಿ ಕೂತು ಓದಿದಳು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ಜೋಡಿಸ್ತಾ ನಿಂತೆ. ಓದಿ ಮುಗಿಸಿ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಸೀದಾ ಅಜ್ಜಿಯ ಹತ್ತಿರ ಹೋಗಿ ತಬ್ಬಿಕೊಂಡಳು. ನನ್ನ ಕಡೆ ನೋಡಲಿಲ್ಲ. ಹಾಗೇ ಹೊರಟುಹೋದಳು. ಆ ಒಂದು ದಿನ ನಾನು ಹೇಗೆ ಕಳೆದೆ ಅನ್ನೋದು ನನಗೇ ಗೊತ್ತು.

ಸೋಮವಾರ ಸಾಯಂಕಾಲ ಡ್ಯೂಟಿ ಮುಗಿಸಿ ಬಂದಳು. ಚಪ್ಪಲಿ ಬಿಡ್ತಾ ಹೇಳಿದಳು.

“ತಾತ, ಆ ಕುರ್ಚಿಯ ಒಂದು ಕಾಲು ಅಲ್ಲಾಡ್ತಿತ್ತು. ವೆಲ್ಡಿಂಗ್ ಮಾಡಿಸ್ದೆ.”

“ವಾಪಸ್ ಹೆಂಗಿಟ್ಟೆ?”

“ಹೆಂಗಿತ್ತೋ ಹಂಗೇ. ಗೋಡೆ ಕಡೆ ಮುಖ ಮಾಡಿ. ಸಿಸ್ಟರ್‌ಗೂ ಹೇಳ್ದೆ, ಯಾಕೆ ಅಂತ.”

“ಯಾರು ಮಾಡಿದ್ದು ಅಂತಾನೂ ಹೇಳಿದ್ಯಾ?”

“ನಮ್ಮ ತಾತ ಅಂದೆ” ಅಂದಳು. ಮೊದಲ ದಿನ ನನ್ನ ಮುಖ ಹೇಗೆ ನೋಡಿದ್ದಳೋ ಹಾಗೇ ನೋಡಿದಳು.